ಬೇಡ ಅಂದ್ರೆ ಬೇಡ

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ರೋಮವೂ ಇರಲಿಲ್ಲ. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಲಗೈ ಮಾತ್ರ ನುಣ್ಣಗೆ, ಅಲ್ಲಲ್ಲಿ ಸುಟ್ಟು ಮಾಗಿದ ಕಲೆಗಳೊಂದಿಗೆ, ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಪಾತ್ರೆಯ ಮುಚ್ಚಳದ ಮೇಲೆ ಹರಡಿದ ಕೆಂಡ ಎಲ್ಲ ಕಡೆ ಒಂದೇ ಸಮ ಕಾಯುತ್ತಿದೆಯೇ ಎಂದು ನೋಡಲು ಆ ಕೈಯನ್ನು ಕೆಂಡದ ಮೇಲೆಯೇ ಹಿಡಿದು ನಿಲ್ಲುತ್ತಿದ್ದರು. ನನ್ನ ಮಗಳಿಗೆ ಬ್ರೆಡ್ಡು ಬೇಯಿಸಿ ಬೇಯಿಸಿ ಹಾಗಾದ ಕೈ ಅದು. ನಾನು ಮುಲಾಮು ತಂದುಕೊಟ್ಟರೆ ಹಚ್ಚಿಕೊಳ್ಳುತ್ತಿರಲಿಲ್ಲ. "ಇರ್ಲಿ ಬಿಡಿ ಟೀಚರೇ, ಈ ಕೈಗೆ ಅಷ್ಟು ಆಗ್ಬೇಕು" ಎನ್ನುತ್ತಿದ್ದರು.

ರಾಮಕುಂಜದ ಹತ್ತಿರದ ಶಾಲೆಯೊಂದಕ್ಕೆ ನಾನು ಗಣಿತದ ಟೀಚರಾಗಿ ಬಂದಾಗ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ನನ್ನ ಗಂಡ ಸುಳ್ಯದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಮೇಲೆ ನಾನು, ಮಗಳು, ಕೆಳಗೆ ಅವರೊಬ್ಬರೇ. ಯಜಮಾನರು ತೀರಿಹೋಗಿ ಬಹಳ ಕಾಲವಾಗಿತ್ತು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ, ಮಗಳು ಕೆಳಗಿನ ಅಜ್ಜಿ ಎನ್ನುತ್ತಿದ್ದಳು.

ಊಟ ತಿಂಡಿಯ ವಿಷಯದಲ್ಲಿ ಆಗ ಅವರಿಗೆ ಊರಿಡೀ ಹೆದರುತ್ತಿತ್ತು. ಕರೆಂಟಿನ ಮೀಟರ್ ನೋಡಲು ಬಂದವನು ಎರಡು ದೋಸೆ ತಿನ್ನದೆ ಬೈಕ್ ಹತ್ತುವಂತಿರಲಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲಿ ಪಾಯಸ ಹೊಯ್ಯುವ ಪೈಕಿ ಅವರು. ಒಮ್ಮೆ ನಾನು ನಿಜವಾಗಿಯೂ ಸಿಟ್ಟಾಗಿ, ಬೇಡ ಅಂದೆನಲ್ಲ ಎಂದು ರೇಗಿದರೆ ನಕ್ಕೇಬಿಟ್ಟರು.

"ಬೇಡ ಅಂತ ಹೇಳುದು ಬಾಯಿ ಮಾರಾಯ್ತಿ. ಹೊಟ್ಟೆ ಯಾವತ್ತೂ ಹಾಗೆ ಹೇಳುದಿಲ್ಲ."

ಅವರ ಚಾವಡಿಯ ಗೋಡೆಯಲ್ಲಿ ಒಂದು ಹಳೆಯ ಫೋಟೋ ಇತ್ತು. ಸ್ಟುಡಿಯೋದ ಕುರ್ಚಿಯಲ್ಲಿ ಕೂರಿಸಿದ ನಾಲ್ಕು ವರ್ಷದ ಹುಡುಗಿ. ಕಡ್ಡಿಯಂಥ ಕಾಲು, ಫ್ರಾಕಿನೊಳಗೆ ಉಬ್ಬಿದ ಹೊಟ್ಟೆ. "ನಮ್ಮ ಕೂಸು. ಗ್ರಹಣಿ ಬಂದು ಹೋಯ್ತು" ಎಂದು ಮೊದಲ ದಿನವೇ ಹೇಳಿದ್ದರು. ಗ್ರಹಣಿ ಅಂದರೆ ತಿಂದದ್ದು ಮೈಗೆ ಹತ್ತದೆ ಸೋರಿಹೋಗುವ ಕಾಯಿಲೆ ಎಂದೂ ಅವರೇ ವಿವರಿಸಿದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಕೊಟ್ಟ ದೇವರೇ ತಿರುಗಿ ಕೊಂಡುಹೋದ ಎಂದು ನಂಬಿದ್ದರು. ನಾನು ನೋಡುವ ಹೊತ್ತಿಗೆ ಆ ದುಃಖ ಎಂದೋ ಆರಿಹೋಗಿತ್ತು. ಕೂಸು ಎಂಬ ಮಾತನ್ನು ಮಾತ್ರ ಅವರು ಆ ಒಂದು ಮಗುವಿಗೇ ಇಟ್ಟುಕೊಂಡಿದ್ದರು. ನನ್ನ ಮಗಳನ್ನೂ ಊರಿನ ಬೇರೆ ಮಕ್ಕಳನ್ನೂ ಕರೆಯುತ್ತಿದ್ದುದು "ಮಗಾ" ಎಂದು.

ಮಗಳಿಗೆ ಆರು ತುಂಬುವ ಹೊತ್ತಿಗೆ ಅವಳ ಬೆಳವಣಿಗೆಯೇ ನಿಂತುಹೋಯಿತು. ಹಿಂದಿನ ವರ್ಷದ ಯೂನಿಫಾರ್ಮು ಈ ವರ್ಷ ಸಡಿಲವಾಯಿತು. ಹೊಟ್ಟೆ ಉಬ್ಬರ, ಬಿಟ್ಟೂಬಿಡದ ಭೇದಿ. ಹುಳದ ಔಷಧಿ ಆಯಿತು, ಟಾನಿಕ್ಕು ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಅವರು ಸುಮ್ಮನಿರುವವರೇ? ಗೋಧಿ ನೆನೆಸಿ, ಅರೆಯುವ ಕಲ್ಲಿನಲ್ಲಿ ಅರೆದು, ಹಾಲು ಹಿಂಡಿ, ಬೆಲ್ಲ ಹಾಕಿ ಮಣ್ಣಿ ಕಾಸಿ ತಂದರು. ಸೊರಗಿದ ಮಕ್ಕಳಿಗೆ ನಮ್ಮ ಕಡೆ ಕೊಡುವುದೇ ಅದನ್ನು. ದಿನವೂ ಬೆಳಿಗ್ಗೆ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಗಳು ಮುಖ ತಿರುಗಿಸಿದರೆ ರಮಿಸಿ, ಗದರಿಸಿ, ಹೇಗಾದರೂ ಮಾಡಿ ಬಟ್ಟಲು ಖಾಲಿ ಮಾಡಿಸಿಯೇ ಇಳಿಯುತ್ತಿದ್ದರು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದ ನನಗೆ, ನೋಡಿಕೊಳ್ಳಲು ಇವರಾದರೂ ಇದ್ದಾರಲ್ಲ ಎಂದು ಸಮಾಧಾನವಾಗುತ್ತಿತ್ತು.

ಕೊನೆಗೆ ಮಂಗಳೂರಿನ ಡಾಕ್ಟರೊಬ್ಬರು ರಕ್ತ ನೋಡಿ, ಕರುಳಿನ ಚೂರು ತೆಗೆದು ನೋಡಿ, ಇದು ಸೀಲಿಯಾಕ್ ಎಂದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಮಗುವಿನ ಕರುಳನ್ನು ಒಳಗಿನಿಂದ ಸವೆಸುತ್ತಿದೆ. ಇದಕ್ಕೆ ಔಷಧಿ ಇಲ್ಲ. ಗೋಧಿ, ಮೈದಾ, ರವೆ ಜೀವಮಾನವಿಡೀ ಮುಟ್ಟುವಂತಿಲ್ಲ. ಕರುಳು ಸುಧಾರಿಸುವವರೆಗೆ ಹಾಲು, ಮಜ್ಜಿಗೆಯೂ ಬೇಡ.

ಸಂಜೆ ಬಸ್ಸಿಳಿದು ಬಂದಾಗ ಅವರು ಜಗಲಿಯಲ್ಲಿ ಕಾಯುತ್ತಾ ಕುಳಿತಿದ್ದರು. ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಎಂಬ ಸಂತೋಷ ನನಗೆ. ತರಗತಿಯಲ್ಲಿ ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ.

"ಗೋಧಿಯಾ?" ಎಂದರು ಅವರು. "ಗೋಧಿಯಿಂದ ಹೊಟ್ಟೆ ಉಬ್ಬುದಾ?"

"ಹೌದಮ್ಮ. ಕೈಕಾಲು ಸಪೂರ ಆಗುದು, ಭೇದಿ, ಎಲ್ಲ ಅದರಿಂದಲೇ ಅಂತೆ."

"ಕೂದಲು ಕೆಂಚಗೆ ಆಗ್ತದಾ?"

"ತುಂಬಾ ಸೊರಗಿದ್ರೆ ಅದೂ ಆಗ್ತದಂತೆ."

ನನ್ನ ಮಗಳ ಕೂದಲು ಕಪ್ಪಗೇ ಇತ್ತು. ಅವರು ಕೇಳುತ್ತಿರುವುದು ಯಾರ ಕೂದಲಿನ ಬಗ್ಗೆ ಎಂದು ಆಗ ನನಗೆ ಹೊಳೆಯಿತು. ಅಷ್ಟರಲ್ಲಿ ಹೇಳಬಾರದ್ದನ್ನೆಲ್ಲ ಹೇಳಿಯಾಗಿತ್ತು.

"ನಮ್ಮ ಕೂಸಿಗೂ ಗೋಧಿ ಮಣ್ಣಿಯೇ ಟೀಚರೇ" ಎಂದರು. ಅಳಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. "ಮದ್ದು ಕೊಡುವ ಪಂಡಿತರು ಪುಷ್ಟಿಗೆ ಎಂತಾದ್ರೂ ಕೊಡಿ ಅಂದ್ರು. ನಮ್ಮ ಯಜಮಾನ್ರು ಪುತ್ತೂರಿಂದ ಗೋಧಿ ತಂದ್ರು. ಅದು ಸೊರಗಿದಷ್ಟೂ ನಾನು ಜಾಸ್ತಿ ಕೊಟ್ಟೆ. ಬೇಡ ಬೇಡ ಅಂತ ಬಾಯಿ ಬಿಗಿ ಹಿಡೀತಿತ್ತು. ನಾನು ಮೂಗು ಹಿಡಿದೆ. ಉಸಿರಿಗೆ ಬಾಯಿ ಬಿಡ್ಲೇಬೇಕಲ್ಲ. ಬಿಟ್ಟ ಕೂಡ್ಲೇ ಚಮಚ ಹಾಕ್ತಿದ್ದೆ. ಈ ಕೈಯಿಂದ್ಲೇ."

"ಅದು ಇದೇ ಕಾಯಿಲೆ ಅಂತ ಹೇಳ್ಲಿಕ್ಕೆ ಆಗುದಿಲ್ಲಮ್ಮ. ಆಗ ಪರೀಕ್ಷೆ ಎಲ್ಲಿತ್ತು? ಬೇರೆ ಎಂತದೋ ಇರ್ಬಹುದು."

"ನೀವು ಒಳ್ಳೆಯವ್ರು. ಆದ್ರೆ ನಂಗೆ ಸುಳ್ಳು ಹೇಳುದು ಬೇಡ" ಎಂದು ಎದ್ದು ಒಳಗೆ ಹೋದರು.

ನಾನು ಹೇಳಿದ್ದು ಸುಳ್ಳಲ್ಲ. ಆ ಮಗುವಿಗೆ ಏನಾಗಿತ್ತು ಎಂದು ಇವತ್ತಿಗೂ ಯಾರೂ ಖಚಿತವಾಗಿ ಹೇಳಲಾರರು. ಆದರೆ ಫೋಟೋದಲ್ಲಿದ್ದ ಆ ಹೊಟ್ಟೆ, ಆ ಕಾಲು ನನ್ನ ಕಣ್ಣಿಗೂ ಕಟ್ಟಿದ್ದವು. ಮರುದಿನ ಅವರು ಕೆಲಸದವರನ್ನು ಕರೆಸಿ ಅರೆಯುವ ಕಲ್ಲನ್ನು ಎತ್ತಿಸಿ ಹಿತ್ತಿಲಾಚೆ ನೀರು ಹರಿಯುವ ತೋಡಿಗೆ ಉರುಳಿಸಿದರು. ಗೋಡೆಯ ಫೋಟೋ ಪೆಟ್ಟಿಗೆ ಸೇರಿತು, ಮೊಳೆ ಮಾತ್ರ ಅಲ್ಲೇ ಉಳಿಯಿತು. ಕೆಲವು ದಿನ ಅವರ ಅಡುಗೆಮನೆಯಿಂದ ಹೊಗೆಯೂ ಬರಲಿಲ್ಲ. ನಾನು ಅನ್ನ ತೆಗೆದುಕೊಂಡು ಹೋದರೆ ಬಾಗಿಲ ಸಂದಿಯಿಂದಲೇ ಸಾಕು ಎಂದು ಕಳಿಸಿದರು.

ಆಮೇಲೆ ಒಂದು ಸಂಜೆ ಮೇಲೆ ಬಂದರು. ನನ್ನ ಜೊತೆ ಮಾತಿಲ್ಲ, ಸೀದಾ ಮಗಳನ್ನೇ ಕೇಳಿದರು.

"ಮಗಾ, ನಿಂಗೆ ಎಂತ ತಿನ್ಬೇಕು ಅಂತ ಆಸೆ ಉಂಟು?"

ಮಗಳು ಯೋಚಿಸಲೂ ಇಲ್ಲ. "ಬ್ರೆಡ್ಡು" ಎಂದಳು.

ಲೋಕದಲ್ಲಿ ತಿನ್ನಲು ಇಷ್ಟೆಲ್ಲ ಇರುವಾಗ ಅವಳಿಗೆ ಅದೇ ಬೇಕಾಗಿತ್ತು. ಗೋಧಿಯಿಲ್ಲದ ಬ್ರೆಡ್ಡು ಪಾರ್ಸೆಲಿನಲ್ಲಿ ತರಿಸಿ ನೋಡಿದೆವು. ಒಂದರಲ್ಲಿ ಹಾಲಿನ ಪುಡಿ, ಇನ್ನೊಂದರಲ್ಲಿ ನಾವು ತಿನ್ನದ ಮೊಟ್ಟೆ. ಕೊನೆಗೆ ನನ್ನ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಸೋಡಾ ಬ್ರೆಡ್ಡು ಮಾಡುವುದು ಸಿಕ್ಕಿತು. ಅದಕ್ಕೆ ಯೀಸ್ಟ್ ಬೇಡ, ನಾದುವುದು ಬೇಡ. ಮಜ್ಜಿಗೆಯ ಹುಳಿಗೆ ಅಡುಗೆ ಸೋಡಾ ಉಬ್ಬುತ್ತದೆ, ಅಷ್ಟೇ. ಅವರು ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದರು. ಮಜ್ಜಿಗೆಯ ಬದಲಿಗೆ ತೆಂಗಿನ ಹಾಲಿಗೆ ನಿಂಬೆಹುಳಿ ಹಿಂಡುವುದು ಎಂದರು. ಗೋಧಿಯ ಬದಲಿಗೆ ಬೆಳ್ತಿಗೆ ಅಕ್ಕಿಯ ಹಿಟ್ಟು, ಒಣಗಿಸಿದ ಬಾಳೆಕಾಯಿಯ ಹುಡಿ. ಅಂಟಿಗೆ ಏನೆಂದು ನಾನು ಹುಡುಕಿ, ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಇಸಬ್‌ಗೋಲು ತಂದೆ. ಓವನ್ ತರುತ್ತೇನೆಂದರೆ ಬೈದರು.

"ನಾವು ಹಲಸಿನ ಹಣ್ಣಿನ ಕೆಂಡದಡ್ಯೆ ಬೇಯಿಸುದು ಎಂತ ಓವನಲ್ಲಾ? ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಇದೂ ಹಾಗೆಯೇ."

ಮೊದಲನೆಯದನ್ನು ಕತ್ತರಿಸಲು ಸೌದೆ ಕಡಿಯುವ ಕತ್ತಿ ಬೇಕಾಯಿತು. ಎರಡನೆಯದರಲ್ಲಿ ಇಸಬ್‌ಗೋಲು ಹೆಚ್ಚಾಗಿ ಒಳಗೆಲ್ಲ ಲೋಳೆ. ಮತ್ತೊಂದು ಸೋಡಾ ಹೆಚ್ಚಾಗಿ ಸಾಬೂನಿನ ರುಚಿ. ಅದನ್ನು ಬೆಕ್ಕೂ ಮೂಸಿ ನೋಡಿ ಹೊರಟುಹೋಯಿತು. ಮಗಳು ಬಿದ್ದು ಬಿದ್ದು ನಕ್ಕಳು. ಅವರು ನಗಲಿಲ್ಲ. ಮತ್ತೆ ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿದರು. ಬಾಳೆಲೆ ಹಾಸಿದ ಪಾತ್ರೆಯಿಂದ ಸರಿಯಾದ ಬ್ರೆಡ್ಡು ಎದ್ದ ದಿನ, ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಮಗಳು ಅದನ್ನು ಎರಡು ಕೈಯಲ್ಲಿ ಹಿಡಿದು ಮೂಸಿದಳು. ನನಗೆ ಅಳು ಬಂತು.

ಅವರು ಅವಳಿಗೆ ತಿನ್ನಿಸಲಿಲ್ಲ. ಮೊದಲ ಚೂರನ್ನು ತಾವೇ ತಿಂದು ಸ್ವಲ್ಪ ಹೊತ್ತು ಕಾದರು. ಗೋಧಿ ತಿಂದರೂ ನಿಮಗೆ ಏನೂ ಆಗುವುದಿಲ್ಲವಲ್ಲಮ್ಮ, ಯಾಕೆ ಕಾಯುತ್ತೀರಿ ಎಂದೆ. "ಆದ್ರೂ" ಎಂದರು. ಆಮೇಲೆ ತಟ್ಟೆಯನ್ನು ನೆಲದ ಮೇಲೆ ಇಟ್ಟು, ಕೈಗಳನ್ನು ಮಡಿಲಲ್ಲಿ ಸೇರಿಸಿ ದೂರ ಕುಳಿತರು. ಮಗಳು ಅರ್ಧ ತಿಂದು ಸಾಕು ಎಂದಳು. ಅಭ್ಯಾಸಬಲದಿಂದ ನಾನು ಇನ್ನೊಂದು ಚೂರು ಎಂದು ಬಾಯಿ ತೆಗೆದೆ.

"ಟೀಚರೇ!" ಎಂದು ಗದರಿದರು. ಅಂಥ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. "ಬೇಡ ಅಂದ್ರೆ ಬೇಡ. ಬಿಡಿ ಅದನ್ನು."

ಅಲ್ಲಿಂದ ಮುಂದೆ ಅವರ ಮನೆಯಲ್ಲಿ ಅದೇ ಮಾತು. ಮೀಟರಿನವನು ಕಾಫಿ ಬೇಡ ಎಂದರೆ ಬೇಡ. ಮೊದಮೊದಲು ಜನ, ಇವರಿಗೆ ಜಿಪುಣತನ ಬಂತು ಎಂದು ಆಡಿಕೊಂಡರು. ನಾನು ಯಾರಿಗೂ ಕಾರಣ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಇಷ್ಟು ಜಾಗ್ರತೆ ಮಾಡಿಯೂ ಮಗಳು ಮತ್ತೆ ಮಲಗಿದಳು. ಅದೇ ಉಬ್ಬರ, ಅದೇ ಭೇದಿ. ಗೋಧಿ ಎಲ್ಲಿಂದ ಬಂತೆಂದು ನಮ್ಮಲ್ಲಿ ಇದ್ದದ್ದನ್ನೆಲ್ಲ ತಡಕಾಡಿದೆ. ಆಮೇಲೆ ಅವರೇ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು.

"ಅಕ್ಕಿ ಹುಡಿ ಮಾಡಿಸಿದ್ದು ಪೇಟೆಯ ಮಿಲ್ಲಲ್ಲಿ. ಅಲ್ಲಿ ನನಗಿಂತ ಮೊದಲು ಯಾರೋ ಗೋಧಿ ಹಾಕಿಸ್ತಾ ಇದ್ರು. ನಾನು ನೋಡ್ತಾ ನಿಂತಿದ್ದೆ. ನೋಡ್ತಾ ನಿಂತಿದ್ದೆ ಟೀಚರೇ, ತಲೆಗೆ ಹೋಗ್ಲಿಲ್ಲ. ಪುನಃ ನನ್ನ ಕೈಯಿಂದ್ಲೇ."

ನಾನು ಏನು ಹೇಳಿದರೂ ಅವರಿಗೆ ಕೇಳಿಸಲಿಲ್ಲ. ಬಾಗಿಲು ಹಾಕಿಕೊಂಡರು. ಇವರು ಏನಾದರೂ ಮಾಡಿಕೊಂಡಾರು ಎಂದು ನನಗೆ ಒಳಗೊಳಗೇ ದಿಗಿಲು. ಶಾಲೆಯಲ್ಲಿ ಕೂತರೂ ಮನಸ್ಸು ಆ ಬಾಗಿಲಿನಲ್ಲೇ. ಅದನ್ನು ತೆಗೆಸಿದ್ದು ಮಗಳು. ಸ್ವಲ್ಪ ಎದ್ದು ಓಡಾಡುವಂತಾದ ಕೂಡಲೇ ಕೆಳಗೆ ಹೋಗಿ ಅವರ ಹೊಸ್ತಿಲ ಮುಂದೆ ಕಾಲು ಚಾಚಿ ಕುಳಿತು, "ಅಜ್ಜೀ, ಬ್ರೆಡ್ಡು ಬೇಕು" ಎಂದು ಒಂದೇ ರಾಗ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ನಾನು ಮಾಡಿದ್ದು ಬೇಡ ಮಗಾ."

"ನಂಗೆ ಬೇಕು. ಬೇಕು ಅಂದ್ರೆ ಬೇಕು."

ಚಿಲಕ ತೆಗೆದ ಸದ್ದು ಕೇಳಿ ನಾನು ಮೇಲಿನ ಮೆಟ್ಟಿಲಿನಲ್ಲಿಯೇ ಕುಳಿತುಬಿಟ್ಟೆ. ಅವತ್ತಿನಿಂದ ಅವರ ಅಕ್ಕಿ ಮಿಲ್ಲಿನ ಮುಖ ನೋಡಲಿಲ್ಲ. ಹೊಸ ಮಿಕ್ಸಿಯೊಂದು ಬಂತು, ಗುರುತಿಗೆ ಜಾರಿನ ಹಿಡಿಗೆ ಕೆಂಪು ನೂಲು. ಅಕ್ಕಿ ತೊಳೆದು, ಬಟ್ಟೆಯ ಮೇಲೆ ಆರಿಸಿ, ಅದರಲ್ಲೇ ಹುಡಿ ಮಾಡಿ, ಜರಡಿ ಹಿಡಿದು, ಕೆಂಡದ ಮೇಲೆ ಕೈ ಹಿಡಿದು ನಿಂತರು. ವರ್ಷಗಟ್ಟಲೆ ನಿಂತರು. ಮಗಳು ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ, ಕೈಕಾಲು ತುಂಬಿಕೊಂಡಿದೆ. ಅವಳ ಮೈಯ ಮಾಂಸದಲ್ಲಿ ಅವರ ಪಾಲು ದೊಡ್ಡದು. ಆದರೆ ಆ ಸಂಜೆ ಜಗಲಿಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರ ಕೊನೆಗಾಲ ನೆಮ್ಮದಿಯಲ್ಲಿ ಕಳೆಯುತ್ತಿತ್ತು ಎಂಬುದೂ ನನಗೆ ಗೊತ್ತು.

ಕಳೆದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಗೊತ್ತಾಗುವಾಗಲೇ ತಡವಾಗಿತ್ತು, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಕಲ್ಲುಗುಂಡಿಯಿಂದ ಅವರ ತಂಗಿ ಬಂದು ನಿಂತರು. ಅಕ್ಕನ ಮೇಲೆ ಜೀವವಿದ್ದ ಹೆಂಗಸು, ನಿದ್ದೆ ಬಿಟ್ಟು ಆರೈಕೆ ಮಾಡಿದರು. ಅಮ್ಮ ಕಣ್ಣು ಮುಚ್ಚಿದ ದಿನದ ಹಿಂದಿನ ಮಧ್ಯಾಹ್ನ ನಾನೂ ಮಗಳೂ ನೋಡಲು ಇಳಿದೆವು. ತಂಗಿ ಗಂಜಿಯ ತಿಳಿಯನ್ನು ಚಮಚದಲ್ಲಿ ಹಿಡಿದಿದ್ದರು. ಅವರು ತುಟಿ ಬಿಗಿ ಹಿಡಿದಿದ್ದರು.

"ಅಕ್ಕಾ, ಒಂದು ಚಮಚ. ಒಂದೇ ಒಂದು. ಹೊಟ್ಟೆಗೆ ಬೀಳದಿದ್ರೆ ಹೇಗೆ?" ಎಂದು ತಂಗಿ ಅಳುತ್ತಿದ್ದರು. ಅಳುತ್ತಲೇ ಎಡಗೈಯಿಂದ ಅಕ್ಕನ ಮೂಗು ಹಿಡಿದರು.

ಅವರ ಕಣ್ಣು ಅಗಲವಾಯಿತು. ರೋಮವಿಲ್ಲದ ಆ ಬಲಗೈ ಹೊದಿಕೆಯಿಂದ ಸ್ವಲ್ಪ ಎದ್ದು ಮತ್ತೆ ಬಿತ್ತು. ನಾನಿನ್ನೂ ಬಾಗಿಲಲ್ಲೇ ಇದ್ದೆ. ಮಗಳು ನನ್ನನ್ನು ದಾಟಿಕೊಂಡು ಹೋಗಿ ತಂಗಿಯ ಬೆರಳುಗಳನ್ನು ಮೂಗಿನಿಂದ ಬಿಡಿಸಿದಳು.

"ಅಜ್ಜಿಗೆ ಬೇಡ. ಬೇಡ ಅಂದ್ರೆ ಬೇಡ."

ಅವಳಿಗೆ ಫೋಟೋದ ಹುಡುಗಿಯ ಕಥೆ ಗೊತ್ತಿಲ್ಲ. ತಾನು ಕೇಳಿ ಬೆಳೆದ ಮಾತನ್ನು ಹೇಳಿದಳು, ಅಷ್ಟೇ. ಅವರು ಅವಳ ಮುಖವನ್ನೇ ನೋಡಿದರು. ಬಾಯಿ ತೆರೆದು ಉಸಿರೆಳೆದುಕೊಂಡರು. ದನಿ ಬಹಳ ಸಣ್ಣದಾಗಿತ್ತು, ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ಕೂಸೇ. ಇನ್ನು ಹಾಕುದಿಲ್ಲ."

ತನಗೇ ಹೇಳಿದ್ದು ಎಂದುಕೊಂಡು ಮಗಳು ಅವರ ಆ ಕೈಯನ್ನು ಹಿಡಿದು, "ಆಯ್ತಜ್ಜಿ" ಎಂದಳು.