ನಾನು ತುಂಬಿಟ್ಟ ನೀರು

ಸಿಂದಗಿಯ ನಮ್ಮ ಅಪಾರ್ಟ್‌ಮೆಂಟಿಗೆ ಸಿಹಿನೀರಿನ ನಳ ವಾರಕ್ಕೊಮ್ಮೆ ಬರುತ್ತದೆ, ಅದೂ ಮುಂಜಾನೆ ಒಂಬತ್ತರ ಮೇಲೆ. ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರು. ಆ ಹೊತ್ತಿಗೆ ಮನೆಯಲ್ಲಿ ಇರುವವರು ಇಲ್ಲದವರ ಕೀಲಿ ಇಟ್ಟುಕೊಂಡು ಅವರ ಕೊಡಗಳನ್ನೂ ತುಂಬಿಡುವುದು ಇಲ್ಲಿಯ ರೂಢಿ. ನನ್ನ ಹತ್ತಿರ ಇದ್ದದ್ದು ಮೇಲಿನ ಮನೆಯ ಕೀಲಿ.

ಮೇಲಿನ ಮನೆಯ ಗಂಡ ಹೆಂಡತಿ ಇಬ್ಬರೂ ಶಿಕ್ಷಕರು. ಗಂಡನ ಶಾಲೆ ಕನ್ನೊಳ್ಳಿಯ ಕಡೆ, ಹೆಂಡತಿಯದು ಮೋರಟಗಿಯ ಕಡೆ. ಎಂಟರ ಬಸ್ಸಿಗೆ ಮನೆ ಬಿಡುತ್ತಿದ್ದರು. ನಾನು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ. ನಾನು ಒಬ್ಬಳೇ ಇರುವವಳು; ಕಾಲೇಜಿನಲ್ಲಿ ನಾನು ಕಲಿಸುವ ಪಾಠ ಮಧ್ಯಾಹ್ನ ಇರುತ್ತಿದ್ದರಿಂದ ಮುಂಜಾನೆ ಮನೆಯಲ್ಲೇ ಇರುತ್ತಿದ್ದೆ.

ಅವರದು ಮಡಿಯ ಮನೆ. ಅಡುಗೆಮನೆಗೆ ಹೊರಗಿನವರು ಕಾಲಿಡುವುದಿಲ್ಲ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಹಾಗಾಗಿ ಕೀಲಿ ಇದ್ದರೂ ನಾನು ಅಲ್ಲಿ ನೀರು ತುಂಬಿರಲಿಲ್ಲ. ಒಮ್ಮೆ ಕಾಕು ಬಸವನ ಬಾಗೇವಾಡಿಯ ಮದುವೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ನಳ ಬಂತು. ಫೋನ್ ಮಾಡಿ, "ಕೈಕಾಲು ತೊಳಕೊಂಡು ಹೋಗು, ಕೊಡ ತುಂಬಿಡು. ನೀ ತುಂಬಿದ್ರ ನಡೀತದ ನಮಗ" ಎಂದರು. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಣ್ಣದಾಗುತ್ತದೆ ಅನಿಸಿತ್ತು.

ಆಮೇಲೆ ಎರಡು ವರ್ಷ ಆ ಕೆಲಸ ನನ್ನದೇ ಆಯಿತು. ನೀರಿನ ದಿನ ಮೊದಲು ಸ್ನಾನ ಮಾಡುತ್ತಿದ್ದೆ. ನಾಲ್ಕು ತಾಮ್ರದ ಕೊಡ, ಒಂದು ಹಂಡೆ. ಒಗೆದ ಅರಿವೆಯಲ್ಲಿ ಸೋಸಿ, ಹನಿ ಚೆಲ್ಲದಂತೆ ತುಂಬಿ, ನೆಲ ಒರೆಸಿ ಬರುತ್ತಿದ್ದೆ. ನನ್ನ ಮನೆಯ ಕೊಡಗಳನ್ನು ಅಷ್ಟು ಜತನದಿಂದ ತುಂಬಿದ್ದಿಲ್ಲ. ಕಾಕಾ ಸಂಜೆ ತಮ್ಮನ ಮನೆಯಿಂದ ಸ್ಕೂಟರಿನ ಮೇಲೆ ಎರಡು ಕೊಡ ನೀರು ತರುವುದನ್ನು ನೋಡುತ್ತಿದ್ದೆ. ಅದು ದೇವರಿಗೆ ಎಂದು ಕಾಕು ಹೇಳಿದ್ದರು.

ನನ್ನ ಹಿಂದಿನ ಬಾಲ್ಕನಿಗೆ ಕಿಟಕಿ ಹಾಕಿಸಿ ಓದುವ ಜಾಗ ಮಾಡಿಕೊಂಡಿದ್ದೆ. ಅದರ ಛತ್ತಿನ ಮೂಲೆಯಲ್ಲಿ ಮೊದಲು ಹಳದಿ ಕಲೆ ಬಂತು. ನಂತರ ಸುಣ್ಣ ಉಬ್ಬಿತು. ಒಂದು ದಿನ ಕಾಲೇಜಿನಿಂದ ಬಂದಾಗ ಛತ್ತಿನ ಗಿಲಾವಿನ, ಅಂದರೆ ಪ್ಲಾಸ್ಟರಿನ, ಹೆಂಟೆ ಮೇಜಿನ ಮೇಲೆ ಬಿದ್ದಿತ್ತು. ಸಾಲೋಟಗಿಯ ಶಾಸನದ ಸಾಲುಗಳನ್ನು ನಾನು ಕೈಯಿಂದ ನಕಲು ಮಾಡಿಕೊಂಡಿದ್ದ ನೋಟ್‌ಬುಕ್ಕು ಕೆಳಗೆ ತೊಯ್ದು, ಮಸಿ ಹರಡಿ, ಪುಟಗಳು ಒಂದಕ್ಕೊಂದು ಅಂಟಿದ್ದವು.

ಇಂಡಿಯಿಂದ ಬಂದ ಅಪ್ಪ ತಲೆ ಎತ್ತಿ ನೋಡಿದ. "ಮ್ಯಾಲಿನವರ ನೀರು ಇದು. ನಾ ಹೋಗಿ ಕೇಳ್ತೇನಿ."

"ಬ್ಯಾಡಪ್ಪ. ಹೊರಗಿನ ಗೋಡಿಯಿಂದ ಮಳಿ ನೀರು ಇಳಿದಿರಬೇಕು."

"ಎರಡು ತಿಂಗಳಾತು ಹನಿ ಬಿದ್ದಿಲ್ಲ. ನಿನ್ನ ಬಾಲ್ಕನಿಗಷ್ಟಽ ಬ್ಯಾರೆ ಮಳಿ ಐತೇನು?"

"ಅವರ ಮನೀದಾದ್ರ ಕಾಕು ತಾವಽ ಹೇಳ್ತಿದ್ರು. ಅವರು ಅಂಥವರಲ್ಲ."

ಅಪ್ಪ ಮೇಜನ್ನು ಆ ಮೂಲೆಯಿಂದ ಈಚೆ ಸರಿಸಿದ. ಅಪಾರ್ಟ್‌ಮೆಂಟಿನ ಸಂಘದ ದೂರಿನ ಪುಸ್ತಕದಲ್ಲಿಯೂ ನಾನು ಹೊರಗೋಡೆಯ ಬಿರುಕು ಎಂದೇ ಬರೆದೆ. ಮೇಲಿನ ಮನೆಯ ಹೆಸರು ಬರದಂತೆ ಆ ವಾಕ್ಯವನ್ನು ಎರಡು ಸಲ ತಿದ್ದಿದ್ದು ನೆನಪಿದೆ.

ಒಂದು ಭಾನುವಾರ ಸಂಘದ ಅಧ್ಯಕ್ಷರು ಪ್ಲಂಬರ್‌ನನ್ನು ಕರೆದುಕೊಂಡು ಬಂದರು. ಅಧ್ಯಕ್ಷರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಯಾವ ಜಗಳವನ್ನೂ ಚೌಕಾಶಿಯಂತೆ ಮುಗಿಸುವವರು. ಪ್ಲಂಬರ್ ನನ್ನ ಗೋಡೆ ಬಡಿದು ನೋಡಿ, ಮೇಲೆ ಹೋಗಿ, ಪೈಪುಗಳನ್ನೆಲ್ಲ ಬಂದ್ ಮಾಡಿ ಪರೀಕ್ಷಿಸಿದ. ಕೊನೆಗೆ ಕಾಕು ಅವರ ಹಿಂದಿನ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಫರಸಿ ಕಲ್ಲುಗಳ ಸಂದಿಯಲ್ಲಿ ಬೆರಳಾಡಿಸಿದ.

"ಪೈಪಿಂದಲ್ರಿ ಇದು. ಕೊಡಗಟ್ಲೆ ಸುರುವಿದ ನೀರು. ಸಂದಿಯೊಳಗ ಸಿಮೆಂಟಽ ಉಳಿದಿಲ್ಲ. ಇಲ್ಲಿ ಅರಿವಿ ಒಗೀತೀರೇನ್ರಿ ಅಕ್ಕಾರ?"

"ಇಲ್ಲಪಾ, ಮಷೀನ್ ಅದ ಒಳಗ. ಇಲ್ಲಿ ನಮ್ಮದೇನೂ ಕೆಲಸಿಲ್ಲ" ಎಂದರು ಕಾಕು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು. "ನಾವು ದಿನಾ ಮನ್ಯಾಗ ಇರೂದಿಲ್ರೀ. ಕೀಲಿ ಇಕಿ ಕಡೆ ಇರ್ತದ. ನಳ ಬಿಟ್ಟು ಮರ್ತು ಹೋಗಿರಬೇಕು. ಸಣ್ಣ ಹುಡುಗಿ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಎರಡು ವರ್ಷ ಆ ಮನೆಯ ನೆಲ ಒರೆಸಿದವಳು.

ಒಳಗಿನಿಂದ ಕಾಕಾ ಬಂದರು. ಪೇಪರ್ ಇನ್ನೂ ಕೈಯಲ್ಲಿತ್ತು. "ಸುಳ್ಳ ಯಾಕ ಆ ಹುಡುಗಿ ಮ್ಯಾಲ ಹಾಕ್ತಿ? ಅಕಿ ತುಂಬಿದ್ದನ್ನ ನಾವಽ ಇಲ್ಲಿ ಸುರುವತೀವಲ್ಲ."

"ನೀವು ಸುಮ್ಮನಿರ್ರಿ."

"ಏನ್ ಸುಮ್ಮನಿರೂದು? ಪ್ರತಿ ಸಲ ಹೇಳೀನಿ, ಗಿಡಕ್ಕರ ಹಾಕು ಅಂತ. ಐದು ಪಾತ್ರಿ ನೀರು ಒಮ್ಮೆಲೆ ಸುರುವಿ, ಹುಣಸಿಹಣ್ಣು ಹಚ್ಚಿ ತೊಳೀತಿ. ನೆಲ ತಡೀತದೇನು?"

ಕಾಕಾ ನನ್ನನ್ನು ಉಳಿಸಲಿಕ್ಕೆಂದೇ ಮಾತಾಡಿದರು. ತಾವು ಏನು ಹೇಳಿಬಿಟ್ಟೆವು ಎಂಬುದು ನನ್ನ ಮುಖ ನೋಡಿದ ಮೇಲೆ ಅವರಿಗೆ ಹೊಳೆಯಿತು. ಪೇಪರನ್ನು ಮಡಚುತ್ತ ನಿಂತರು. ಸಂಜೆ ಸ್ಕೂಟರಿನ ಮೇಲೆ ಬರುತ್ತಿದ್ದ ಎರಡು ಕೊಡ ದೇವರಿಗಷ್ಟೇ ಅಲ್ಲ, ಮನೆಯವರಿಗೂ ಅದೇ ಎಂಬುದು ನನಗೂ ಆಗಲೇ ತಿಳಿಯಿತು.

ಪ್ಲಂಬರ್ ಎದ್ದು ಕೈ ಝಾಡಿಸಿದ. "ನಮ್ಮ ಓಣ್ಯಾಗ ಒಂದು ಕೊಡಕ್ಕ ಜುಟ್ಟು ಜುಟ್ಟು ಹಿಡೀತಾರ್ರೀ" ಎಂದಷ್ಟೇ ಅಂದ.

ಅಧ್ಯಕ್ಷರು ಅಲ್ಲೇ ತೀರ್ಪು ಕೊಟ್ಟರು: ಮೇಲಿನ ಫರಸಿ ಕಿತ್ತು ಹೊಸದಾಗಿ ಹಾಕಿಸುವುದು, ನನ್ನ ಛತ್ತಿನ ಗಿಲಾವು ಮಾಡಿಸುವುದು ಮೇಲಿನವರ ಜವಾಬ್ದಾರಿ. ತೊಯ್ದ ನೋಟ್‌ಬುಕ್ಕಿನ ನಷ್ಟ ಮಾತ್ರ ನನ್ನದೇ. "ಬಾಲ್ಕನಿ ಅಂದ್ರ ಅರಿವಿ ಒಣಗಿಸೂ ಜಾಗ, ಲೈಬ್ರರಿ ಅಲ್ಲ ನೋಡವಾ." ಕಾಕು ಒಪ್ಪಿದರು. ನಾನೂ ತಲೆಯಾಡಿಸಿದೆ. ಆ ನೀರಿಗೆ ಯಾರು ಹೊಣೆ ಎಂದು ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅದನ್ನು ಆ ಕೊಡಗಳಿಗೆ ತುಂಬಿದ್ದು ನಾನೇ.

ಸಂಜೆ ಕಾಕು ಕೆಳಗೆ ಬಂದರು. ಒಳಗೆ ಕರೆದೆ, ಬಾಗಿಲಲ್ಲೇ ನಿಂತರು.

"ನಳ ಬಿಟ್ಟಿ ಅಂದದ್ದು ತಪ್ಪಾತು. ಎಲ್ಲಾರ ಮುಂದ ಏನು ಹೇಳ್ಬೇಕು ತಿಳೀಲಿಲ್ಲ."

"ತುಂಬಬ್ಯಾಡ ಅಂತ ಮೊದಲಽ ಹೇಳಿದ್ರ ಆಗ್ತಿತ್ತಲ್ರಿ ಕಾಕು."

"ಹ್ಯಾಂಗ ಹೇಳ್ಲಿ? ಅಷ್ಟು ಹೌಸಿಲೆ, ಖುಷೀಲೆ ಮಾಡ್ತಿದ್ದಿ. ನಿನ್ನ ಮ್ಯಾಲ ಮಾಯಾ-ಮಮತಾ ಇಲ್ಲಂತ ಅಲ್ಲವ್ವಾ. ನಿನಗ ಬ್ಯಾಸರ ಆಗಬಾರದು ಅಂತ."

ಅದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಸಿಟ್ಟು ಮಾಡಿ ಮುಗಿಸಬಹುದಿತ್ತು. ಎರಡು ವರ್ಷ ನಾನು ತುಂಬಿ ಬಂದ ದಿನ ಸಂಜೆ ಅವರು ಒಂದೊಂದೇ ಕೊಡ ಎತ್ತಿ ಹಿಂದಕ್ಕೆ ಒಯ್ಯುತ್ತಿದ್ದರು. ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ "ನೀರು ತಿಳಿಯಾಗಿದ್ವು ನೋಡು" ಎನ್ನುತ್ತಿದ್ದರು. ನನಗೆ ಕೇಳಬೇಕಾದದ್ದು ಆ ಮಾತಿನ ಬಗ್ಗೆ. ಅದರ ಬದಲು ಗೋಡೆಯ ಮೊಳೆಯಿಂದ ಕೀಲಿ ತೆಗೆದು ಕೊಟ್ಟೆ. ಅವರು ಸೆರಗಿನ ಅಂಚಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದರು.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು.

"ಏನಂದ್ರು? ಎಲ್ಲಿ ನೀರದು?"

ಅವನು ಹೇಳಿದ್ದೇ ಸರಿಯಿತ್ತು. ಆದರೆ ಮಗಳು ಸ್ನಾನ ಮಾಡಿ, ಸೋಸಿ ತುಂಬಿದ ನೀರನ್ನು ಸುರುವಿದರು ಎಂದು ಅವನಿಗೆ ಹೇಳುವುದು ನನ್ನಿಂದ ಆಗಲಿಲ್ಲ. ಹೇಳಿದ್ದರೆ ಅವನು ಇಂಡಿಯಿಂದ ಮುಂದಿನ ಬಸ್ಸಿಗೇ ಬರುತ್ತಿದ್ದ.

"ಪೈಪ್ ಒಡದಿತ್ತಪ್ಪ. ಅದನ್ನ ಬದಲಿ ಮಾಡಸ್ತಾರ."

"ಪೈಪ್? ಆತು ಬಿಡು. ಅವರ ಕೊಡ ಈಗೂ ನೀನಽ ತುಂಬಬೇಕೇನು?"

"ಇಲ್ಲಪ್ಪ. ಅವರಽ ತುಂಬ್ಕೋತಾರ."

ಆ ದಿನ ಅಪ್ಪನಿಗೆ ಹೇಳಿದ್ದರಲ್ಲಿ ಅದೊಂದೇ ನಿಜ. ಮೊದಲಿನಿಂದಲೂ ಅವರೇ ತುಂಬಿಕೊಳ್ಳುತ್ತಿದ್ದರು.