ಜಲ್ಲಿ ಹಾಕದೆ ಬಿಟ್ಟ ಚೌಕ

ನಮ್ಮ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಅವರನ್ನು ಜಲ್ಲಿ ಮಾವ ಎಂದು ಕರೆಯುತ್ತಿದ್ದರು. ಅವರು ನಮಗ್ಯಾರಿಗೂ ಮಾವನಾಗಬೇಕಾದವರಲ್ಲ. ಯಾರೂ ನೀರು ಹಾಕದಿದ್ದರೂ, ಯಾರೂ ಕಳೆ ಕೀಳದಿದ್ದರೂ ನೋಡುವಂತಿರುವ ತೋಟವನ್ನು ಬಾಡಿಗೆ ಮನೆಗಳಿಗೆ ಮಾಡಿಕೊಡುವುದು ಅವರ ಕಸುಬು. ಹುಲ್ಲುಹಾಸು, ಗುಲಾಬಿ ಎಂದರೆ ಅವರು ನಗುತ್ತಿದ್ದರು. ನೆಲ ಮಟ್ಟ ಮಾಡಿ, ಕಳೆ ತಡೆಯುವ ಆದರೆ ನೀರು ಇಳಿಯಲು ಬಿಡುವ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಬೆರಳ ಗಾತ್ರದ ಜಲ್ಲಿ ಹರಡಿ, ಅಂಚಿನಲ್ಲಿ ಕತ್ತಾಳೆ, ಲೋಳೆಸರದಂಥ ಮೊಂಡು ಗಿಡಗಳನ್ನು ನೆಡುತ್ತಿದ್ದರು. "ಇವು ಬಾಡಿಗೆಗೆ ಯಾರೇ ಬಂದ್ರೂ ಮುನಿಸ್ಕೊಳ್ಳಲ್ಲ" ಎನ್ನುವುದು ಅವರ ಮಾತು.

ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವರ ಹೆಸರು ಕೆಡಿಸಿದವನು ನಾನು.

ನಾನು ಬಸ್ ಡಿಪೋದ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಸಾಮಾನು ಕಾದವನು. ನಟ್ಟು ಬೋಲ್ಟಿನಿಂದ ಟಯರಿನವರೆಗೆ ಎಲ್ಲದಕ್ಕೂ ಗುರುತು ಹಾಕಿ ಹಾಕಿ ಅದೇ ಚಾಳಿಯಾಯಿತು. ನಿವೃತ್ತನಾದ ಮೇಲೂ ನನ್ನ ನೌಕರಿ ಸಂಖ್ಯೆ ೪೧೭ನ್ನು ಬಿಳಿ ಬಣ್ಣದಲ್ಲಿ ಮನೆಯ ಬಕೆಟ್ಟು, ಏಣಿ, ಕೊಡೆ, ಪೊರಕೆಯ ಹಿಡಿ ಎಲ್ಲದರ ಮೇಲೂ ಬರೆದಿದ್ದೇನೆ. "ನನ್ನೊಬ್ಬಳನ್ನ ಯಾಕೆ ಬಿಟ್ರಿ" ಎಂದು ನನ್ನ ಹೆಂಡತಿ ಕೇಳುವುದುಂಟು. ತಾನು ಕಳ್ಳ, ಪರರನ್ನು ನಂಬ ಎನ್ನುವ ಗಾದೆ ಯಾರಿಗಾಗಿ ಹುಟ್ಟಿತೋ, ಆಗ ನನಗೆ ಗೊತ್ತಿರಲಿಲ್ಲ.

ನಾವಿಬ್ಬರೂ ಮಹಡಿಯ ಮೇಲಿದ್ದೇವೆ. ಕೆಳಗಿನ ಮನೆ ಬಾಡಿಗೆಗೆ. ಮೂರು ವರ್ಷದಿಂದ ಅಲ್ಲಿರುವುದು ಹೊಲಿಗೆ ಕೆಲಸದ ಒಬ್ಬ ಹೆಂಗಸು ಮತ್ತು ಅವಳ ತಾಯಿ. ಹಿತ್ತಿಲಲ್ಲಿ ಕಳೆ ಮಂಡಿಯೆತ್ತರ ಬೆಳೆದಿತ್ತು. ಯಾರು ಕೀಳಬೇಕು ಎನ್ನುವುದೇ ನಮ್ಮ ನಡುವಿನ ಜಗಳ. ಮನೆ ನಿಮ್ಮದು ಎಂದು ಅವಳು, ಇರುವವಳು ನೀನು ಎಂದು ನಾನು. ಕೊನೆಗೆ ಬೀದಿಯ ಮನೆ ದಲ್ಲಾಳಿ ಜಲ್ಲಿ ಮಾವನನ್ನು ಕಳಿಸಿದ. ಹತ್ತಿರದಲ್ಲೇ ಆರು ಮನೆಗಳ ಒಂದು ಹೊಸ ಸಾಲು ಏಳುತ್ತಿತ್ತು. ಅದರ ಅಂಗಳಗಳ ಕೆಲಸವನ್ನೂ ಅವರಿಗೇ ಕೊಡಿಸುವುದಾಗಿ ದಲ್ಲಾಳಿ ಮಾತು ಕೊಟ್ಟಿದ್ದ. ಅರವತ್ತು ದಾಟಿದ ಮನುಷ್ಯ. ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಆ ಆರು ಮನೆಗಳಾದರೆ ಇನ್ನು ಮನೆಮನೆ ಅಲೆಯುವುದು ಬೇಡ ಎಂದು ಅವರೇ ನನ್ನ ಬಳಿ ಹೇಳಿದ್ದರು.

ಬಂದವರು ಗುದ್ದಲಿ ಮುಟ್ಟಲಿಲ್ಲ. ನನ್ನ ೪೧೭ರ ಬಕೆಟ್ಟಿನಲ್ಲಿ ನೀರು ತುಂಬಿಸಿ ತಂದು, ಹಿತ್ತಿಲ ಮೇಲ್ತುದಿಯಲ್ಲಿ ಸುರಿದು, ಕುಕ್ಕರಗಾಲಲ್ಲಿ ಕುಳಿತು ಅದು ಹೋದ ದಾರಿಯನ್ನೇ ನೋಡಿದರು. ಹೀಗೆ ನಾಲ್ಕು ಸಲ. ನೀರು ಸುತ್ತಿ ಬಳಸಿ ಅಡುಗೆಮನೆಯ ಹಿಂಬಾಗಿಲ ಹತ್ತಿರವೇ ಬಂದು ನಿಲ್ಲುತ್ತಿತ್ತು.

"ಮೊದ್ಲು ನೀರನ್ನ ಕೇಳ್ಬೇಕು ಸಾರ್, ಆಮೇಲೆ ಓನರನ್ನ" ಎಂದರು. ಆಮೇಲೂ ನನ್ನನ್ನು ಕೇಳಲಿಲ್ಲ. ಹೊಲಿಗೆಯವಳನ್ನು ಕರೆದು, "ತಾಯಿ, ಈ ಬಾಗಿಲ ಹತ್ರ ನಿಮಗೆ ಏನು ಬೆಳೀಬೇಕು ಅಂತ ಆಸೆ?" ಎಂದರು. ಅವಳು ಪುದೀನ ಎಂದಳು. ನೀರು ಬಂದು ನಿಲ್ಲುವ ಆ ಜಾಗದಲ್ಲೇ ಅವರು ಕೋಲಿನಿಂದ ಒಂದು ಚೌಕ ಗೀರಿದರು.

ಅವರು ಮಾಡಿದ ಪ್ರತಿ ತೋಟದಲ್ಲೂ ಇಂಥದೊಂದು ಚೌಕ ಇರುತ್ತಿತ್ತು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಬಟ್ಟೆಯಿಲ್ಲ, ಜಲ್ಲಿಯಿಲ್ಲ, ಬರೀ ಮಣ್ಣು. ಓನರಿಗೆ ಕೆಲಸವಿಲ್ಲದ ತೋಟ ಬೇಕು ನಿಜ, ಆದರೆ ಇರುವವರ ಕೈಗೆ ಏನಾದರೂ ಬೇಕಲ್ಲ ಎಂದು ಅವರು ಹೇಳುತ್ತಿದ್ದರು. ನನಗೆ ಇದು ಹಿಡಿಸಲಿಲ್ಲ. ಕಳೆ ಬೇಡವೆಂದು ಇಷ್ಟೆಲ್ಲ ಮಾಡಿಸಿ, ನಡುವೆ ಕಳೆಗೆಂದೇ ಒಂದು ಜಾಗ ಬಿಡುವುದೇ? ಎದುರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅವರು ಕಾರಣ ಹೇಳುತ್ತಿದ್ದರು, ನಾನು ಒಪ್ಪಬೇಕಾಗುತ್ತಿತ್ತು.

ಶನಿವಾರ ಅವರು ಬಟ್ಟೆ ಹಾಸಿ ಹೋದರು. ಭಾನುವಾರ ಬೆಳಿಗ್ಗೆ ಜಲ್ಲಿ ಬಂದು ಬಿತ್ತು. ಸೋಮವಾರದವರೆಗೆ ಕಾಯಬಹುದಿತ್ತು. ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ ನಾನು ಹಳೆಯ ಸ್ಕೂಟರ್ ಹೊದಿಕೆಯನ್ನು ಕೆಳಗಿಳಿಸಿದೆ. ದಪ್ಪ ನೀಲಿ ಪ್ಲಾಸ್ಟಿಕ್ಕು, ಒಂದು ಹನಿ ಒಳಗೆ ಬಿಡದು. ಅದನ್ನು ಎರಡಾಗಿ ಮಡಿಸಿದಾಗ ಆ ಚೌಕಕ್ಕೆ ಅಳತೆ ತೆಗೆದು ಹೊಲಿಸಿದಂತಿತ್ತು. ಹಾಸಿ, ಮೇಲೆ ಜಲ್ಲಿ ಎಳೆದು, ಇಡೀ ಹಿತ್ತಿಲಿಗೂ ಹರಡಿಬಿಟ್ಟೆ. ಕೆಳಗಿನ ಮನೆಯವರು ಅಂದು ಊರಲ್ಲಿರಲಿಲ್ಲ.

ಸೋಮವಾರ ಜಲ್ಲಿ ಮಾವ ಬಂದು ನೋಡಿದರು. ಚೌಕ ಇರಬೇಕಾದ ಜಾಗದ ಮುಂದೆ ನಿಂತರು.

"ಇಲ್ಲೂ ಹಾಕ್ಬಿಟ್ರಾ?"

"ಕೆಳಗೆ ಮಣ್ಣೇ ಇದೆಯಲ್ಲ, ಬೇಕಾದಾಗ ಸರಿಸ್ಕೊಂಡ್ರಾಯ್ತು" ಎಂದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸುಳ್ಳು ಬಂತು.

ಅವರು ನಂಬಿದರು. "ಮಣ್ಣಿದ್ರೆ ಸರಿ, ಹಿತ್ತಿಲ ನೀರೆಲ್ಲ ಬಂದು ಇಳಿಯೋದು ಅಲ್ಲೇ. ಮೊದಲ ಮಳೆ ಆದ್ಮೇಲೆ ಬಂದು ನೋಡ್ತೀನಿ" ಎಂದು ಗಿಡ ನೆಟ್ಟು ಹೋದರು. ಅದೂ ಅವರ ಪದ್ಧತಿ. ಮೊದಲ ಮಳೆ ಬಿದ್ದ ಮಾರನೆಯ ದಿನ, ತಾವು ಮಾಡಿದ ತೋಟಗಳನ್ನೆಲ್ಲ ಯಾರೂ ಕರೆಯದೆ ನೋಡಿಕೊಂಡು ಬರುತ್ತಿದ್ದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಮಳೆಗೆ ಇನ್ನೂ ಎರಡು ತಿಂಗಳಿತ್ತು. ಚೌಕ ಎಲ್ಲಿ ಎಂದು ಹೊಲಿಗೆಯವಳು ಕೇಳಿದಾಗಲೂ, ಮಳೆ ಬಂದ ಮೇಲೆ ಜಲ್ಲಿ ಸರಿಸಿ ಪುದೀನ ನೆಟ್ಟರಾಯಿತು ಎಂದು ಸಾಗಹಾಕಿದೆ.

ಮೊದಲ ಮಳೆಯೇ ಎರಡು ದಿನ ಬಿಡದೆ ಹೊಡೆಯಿತು. ಇಳಿಯಲು ಜಾಗ ಸಿಗದ ನೀರು ಹಿಂಬಾಗಿಲ ಹೊಸ್ತಿಲು ಹತ್ತಿ ಒಳಗೆ ಬಂತು. ಗೋಡೆ ಸೊಂಟದವರೆಗೆ ನೆನೆಯಿತು. ಹೊಲಿಗೆಯವಳು ಮುಗಿಸಿ ಮೊಳೆಗೆ ತೂಗುಹಾಕಿದ್ದ ಒಂದು ಮದುವೆಯ ಬಟ್ಟೆಗಳು ಕಲೆಯಾದವು. ಅವಳು ದಲ್ಲಾಳಿಯನ್ನು ಕರೆಸಿದಳು. ಅವನು ನನ್ನನ್ನು ಕೇಳಿದ.

"ತೋಟದವನದೇ ತಪ್ಪು" ಎಂದೆ. "ನೀರಿಗೆ ದಾರಿ ಬಿಡೋಕೆ ಗೊತ್ತಿಲ್ಲದವನಿಗೆ ಯಾಕೆ ಕೆಲಸ ಕೊಡಿಸ್ತೀಯ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ಬಾಯಿಂದ ಆ ಮಾತು ಬಂದಾಗ ನನಗೆ ಏನೂ ಅನ್ನಿಸಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅನ್ನಿಸಲಿಲ್ಲ.

ಅದೇ ಹೊತ್ತಿಗೆ ಗೇಟು ತೆರೆದು ಜಲ್ಲಿ ಮಾವ ಬಂದರು. ಯಾರೂ ಕರೆದಿರಲಿಲ್ಲ, ಮೊದಲ ಮಳೆಯ ಮಾರನೆಯ ದಿನವಲ್ಲವೇ. ನಾವು ಮೂವರೂ ಹಿಂಬಾಗಿಲ ಹತ್ತಿರ ನಿಂತಿದ್ದೆವು. ದಲ್ಲಾಳಿ ಅವರನ್ನು ಕೂರಲೂ ಹೇಳದೆ ಬೈಯತೊಡಗಿದ. ಅವರು ನೀರಿನಲ್ಲಿ ಮಂಡಿಯೂರಿ, ಚೌಕದ ಜಾಗದಲ್ಲಿ ಜಲ್ಲಿಯೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿದರು. ಕೈ ಒಂದು ಕಡೆ ನಿಂತಿತು. ಎಳೆದರು. ನೀಲಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಮೇಲೆ ಬಂತು. ಅದರ ಮೇಲೆ ನನ್ನ ಕೈಬರಹದ ಬಿಳಿ ಅಂಕಿಗಳು.

ದಲ್ಲಾಳಿ ಫೋನು ಬಂತೆಂದು ಆ ಕಡೆ ತಿರುಗಿದ್ದ. ಜಲ್ಲಿ ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಬಾಯಿ ಬಿಡಲೆಂದು ಕಾಯುತ್ತಿದ್ದರು. ಬಾಡಿಗೆಗೆ ಇರುವವಳ ಎದುರು, ನನ್ನ ಮನೆಯ ಹಿತ್ತಿಲಲ್ಲಿ, ನಾನು ಹೇಗೆ ಒಪ್ಪಿಕೊಳ್ಳಲಿ? ದಲ್ಲಾಳಿ ತಿರುಗುವಷ್ಟರಲ್ಲಿ ಅವರು ಹೊದಿಕೆಯನ್ನು ಎಳೆದು, ಅಂಕಿ ಒಳಗಾಗುವಂತೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ನಂದೇ ತಪ್ಪು" ಎಂದರು. "ಸೋಮವಾರವೇ ಕೈ ಹಾಕಿ ನೋಡ್ಬೇಕಿತ್ತು. ನೋಡ್ಲಿಲ್ಲ."

ಅಂದೇ ಜಲ್ಲಿ ಸರಿಸಿ ಚೌಕ ಬಿಡಿಸಿದರು. ಅರ್ಧ ಗಂಟೆಯಲ್ಲಿ ನೀರು ಇಳಿದುಹೋಯಿತು. ಆರು ಮನೆಗಳ ಕೆಲಸವೂ ಅದರ ಜೊತೆಗೇ ಹೋಯಿತು. ದಲ್ಲಾಳಿಯ ಬಾಯಿ ಗೊತ್ತಲ್ಲ, ವಾರದೊಳಗೆ ಇಡೀ ಬೀದಿಗೆ ಸುದ್ದಿ. ಆಮೇಲೆ ಅವರು ಯಾವುದೋ ನರ್ಸರಿಯಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಾರೆ ಎಂದು ಕೇಳಿದೆ. ಆ ಕಡೆಯ ದಾರಿಯನ್ನೇ ಬಿಟ್ಟೆ.

ಒಂದು ವರ್ಷ ಕಳೆಯಿತು. ಚೌಕದ ತುಂಬ ಪುದೀನ. ಹೊಲಿಗೆಯವಳು ಆಗಾಗ ಒಂದು ಹಿಡಿ ಕಿತ್ತು ನಮಗೂ ಕೊಡುತ್ತಾಳೆ. ಮೊನ್ನೆ ತೆಗೆದುಕೊಳ್ಳುತ್ತ, ಏನಾದರೂ ಹೇಳಬೇಕಲ್ಲ ಎಂದು, "ಅವತ್ತು ಆ ಮನುಷ್ಯ ಸರಿಯಾಗಿ ಮಾಡಿದ್ದಿದ್ರೆ ನಿಂಗೆ ಅಷ್ಟು ನಷ್ಟ ಆಗ್ತಿರ್ಲಿಲ್ಲ" ಎಂದೆ.

ಅವಳು ಕೈಯಲ್ಲಿದ್ದ ಸೊಪ್ಪಿನ ಮಣ್ಣು ಕೊಡವಿದಳು. "ಆ ಪ್ಲಾಸ್ಟಿಕ್ ಮೇಲೆ ನಿಮ್ಮ ನಂಬರ್ ಇತ್ತಲ್ಲ ಸಾರ್. ನಾನೂ ನೋಡ್ದೆ, ಅಮ್ಮನೂ ಕಿಟಕಿಯಿಂದ ನೋಡಿದ್ರು. ನೀವೇ ಹೇಳ್ತೀರೇನೋ ಅಂತ ಸುಮ್ನಿದ್ವಿ."

ಮೆಟ್ಟಿಲು ಹತ್ತಿ ಬಂದು ಕುಳಿತವನಿಗೆ ಮುಖ ಎಲ್ಲಿಡಲಿ ಎನ್ನಿಸಿತು. ವರ್ಷವಿಡೀ ಅವಳು ನನಗೆ ನಮಸ್ಕಾರ ಹೇಳಿದ್ದಳು, ನಾನು ಓನರಿನ ಗತ್ತಿನಲ್ಲಿ ತಲೆಯಾಡಿಸಿದ್ದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪುದೀನ ಬಿಡಿಸುತ್ತಲೇ ಇದ್ದಳು. "ಸ್ಕೂಟರ್ ಹೊದಿಕೆ ಎಲ್ಲಿ ಅಂತ ನೀವು ಒಂದಿನವೂ ಹುಡುಕ್ಲಿಲ್ಲ. ಒಂದು ಚಮಚ ಕಾಣ್ದಿದ್ರೆ ಮನೆ ಮಗುಚೋರು. ನಂಗೆ ಆಗ್ಲೇ ಅನುಮಾನ ಬಂದಿತ್ತು" ಎಂದಳು.

ಸಂಜೆಯೇ ಹೊರಟೆ. ಜಲ್ಲಿ ಮಾವನ ಮನೆ ಗಲ್ಲಿಯೊಂದರ ಕೊನೆಯಲ್ಲಿ, ಒಂದೇ ಕೋಣೆ. ಇಡೀ ಬೀದಿಗೆ ತೋಟ ಮಾಡಿದವರ ಬಾಗಿಲಲ್ಲಿ ಒಂದು ಗಿಡ ಇಡಲೂ ಜಾಗವಿರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದೆ. ನನ್ನನ್ನು ಕಂಡು ಅವರು ಮೊಣಕಾಲು ಹಿಡಿದು ಎದ್ದರು.

"ಬನ್ನಿ ಸಾರ್, ಒಂದ್ನಿಮಿಷ" ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ನೀಲಿ ಹೊದಿಕೆ. ತೊಳೆದು, ಒಣಗಿಸಿ, ಅಂಚಿಗೆ ಅಂಚು ಸೇರಿಸಿ ಮಡಿಸಿದ್ದರು. ಅಂದು ಎಳೆದಾಗ ಸೀಳಿದ್ದ ಮೂಲೆಗೆ ಹೊಲಿಗೆ ಹಾಕಿದ್ದರು.

"ಇದಕ್ಕೇ ಬಂದ್ರೇನೋ. ನಿಮ್ಮ ವಸ್ತು, ಕೇಳ್ತೀರಿ ಅಂತ ಎತ್ತಿಟ್ಟಿದ್ದೆ. ನಾನೇ ತಂದ್ಕೊಟ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಬರ್ಲಿಲ್ಲ."

ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ತಪ್ಪಾಯ್ತು" ಎಂದೆ. ಅಷ್ಟೇ ಬಂತು.

ಅವರು ಮತ್ತೆ ಮೊಣಕಾಲು ಹಿಡಿದು ಕುಳಿತರು. "ನಂಗೆ ಹೇಳಿ ಏನು ಸಾರ್, ನಂಗೆ ಗೊತ್ತಿದ್ದಿದ್ದೇ" ಎಂದರು.

ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ನಾನು ನೆಟ್ಟಗೆ ದಲ್ಲಾಳಿಯ ಅಂಗಡಿಗೆ ಹೋದೆ. ಅಲ್ಲಿ ಮೂರು ಜನ ಮನೆ ಮಾಲೀಕರು ಕುಳಿತಿದ್ದರು, ಮೂವರೂ ನನ್ನ ಪರಿಚಯದವರೇ. ಅವರ ಮುಂದೆಯೇ ಮೇಜಿನ ಮೇಲೆ ಹೊದಿಕೆಯನ್ನು ಬಿಚ್ಚಿ, ಅಂಕಿ ಮೇಲಾಗುವಂತೆ ಹಾಸಿ, ಆ ಭಾನುವಾರ ನಾನು ಮಾಡಿದ್ದನ್ನು ಮೊದಲಿನಿಂದ ಹೇಳಿದೆ.

ದಲ್ಲಾಳಿ ೪೧೭ರ ಮೇಲೆ ಬೆರಳಾಡಿಸಿದ. "ಈಗ ಹೇಳ್ತಿದೀರಾ?" ಎಂದ. "ಆ ಆರು ಅಂಗಳಕ್ಕೂ ಹೋದ ತಿಂಗಳು ಸಿಮೆಂಟ್ ಹಾಕ್ಸಾಯ್ತಲ್ಲ ಸಾರ್."