ಲಡಾಖಿನ ಮಣ್ಣು, ನಮ್ಮ ಎರೆ

ಈ ಸಲವೂ ನನ್ನ ಮಣ್ಣೆತ್ತಿನ ಬೆನ್ನು ಬಿರಿಯಿತು. ಲಿಂಗಸುಗೂರಿನ ಪೇಟೆಯಲ್ಲಿ ಬಣ್ಣ ಬಳಿದ ಎತ್ತು ಬೇಕಾದಷ್ಟು ಸಿಗುತ್ತವೆ. ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಸ್ಕಿ ಹತ್ತಿರದ ನಮ್ಮ ಹೊಲದ ಎರೆಮಣ್ಣೇ ಆಗಬೇಕೆಂಬ ಅವ್ವನ ಹಟ ಈಗ ನನಗೂ ಅಂಟಿದೆ. ಆ ಮಣ್ಣೋ, ಹಸಿಯಿದ್ದರೆ ಕಾಲು ಬಿಡದು, ಒಣಗಿದರೆ ಬಾಯಿ ಬಿಡುತ್ತದೆ. ಅವ್ವನ ಸಿಟ್ಟೂ ಸ್ವಲ್ಪ ಹಾಗೆಯೇ ಇತ್ತು.

ವರ್ಷಗಳ ಹಿಂದೆ ಅಣ್ಣ ಹೇಳದೆ ಕೇಳದೆ ಮಿಲಿಟರಿ ಸೇರಿದ್ದಕ್ಕೆ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಮೊದಲ ರಜೆಗೆ ಬಂದಾಗಲೂ ಅಷ್ಟೆ, ಬಿಸಿ ರೊಟ್ಟಿ ಬಡಿದು ಹಾಕುವಳು, ಮಾತು ಮಾತ್ರ ಇಲ್ಲ. ಇಬ್ಬರ ನಡುವೆ ಮಾತು ದಾಟಿಸಿ ದಾಟಿಸಿ ನನಗೆ ಸಾಕುಸಾಕಾಗಿತ್ತು. ಹೀಗೇ ಹೋದರೆ ಇವನು ಮತ್ತೆ ಊರ ಕಡೆ ತಲೆ ಹಾಕುತ್ತಾನೋ ಇಲ್ಲವೋ ಎಂಬ ಭಯ ಬೇರೆ.

ಅವನು ಹೊರಡುವ ಹಿಂದಿನ ದಿನವೇ ಅಮಾವಾಸ್ಯೆ. ಅವ್ವ ಎತ್ತು ಮಾಡಲು ಕೂತಾಗ ಅಣ್ಣ ಟ್ರಂಕಿನಿಂದ ಒಂದು ಡಬ್ಬಿ ತಂದು ಅವಳ ಮುಂದಿಟ್ಟ. ಒಳಗೆ ಬೂದಿ ಬಣ್ಣದ ನುಣ್ಣನೆಯ ಮಣ್ಣು.

"ಲಡಾಖಿನ ಹೊಳೀದು," ಎಂದ ನನ್ನ ಕಡೆ ತಿರುಗಿ, ಅವ್ವನಿಗೆ ಕೇಳುವ ಹಾಗೆ. "ಅಲ್ಲಿ ಬರ್ಫ, ಅಂದ್ರ ಹಿಮ, ಗುಡ್ಡದಷ್ಟು ಕುಂತೈತಿ. ಮೆಲ್ಲಕ ಜಾರಕೋಂತ ತಳದಾಗಿನ ಕಲ್ಲು ಬೀಸತೈತಿ. ಆ ಹಿಟ್ಟು ಇದು."

ಅವ್ವ ನೀರು ಚಿಮುಕಿಸಿ ನಾದಿದಳು. ಮೈ ಬಂತು, ಆದರೆ ಕೋಡು ನಿಲ್ಲಲಿಲ್ಲ. ತಿದ್ದಿದಳು, ಮತ್ತೆ ಉದುರಿತು. ಹಳೇ ಜೋಳದ ಹಿಟ್ಟಿನ ಹಾಗೆ ಅಂಟೇ ಇಲ್ಲ.

"ಬೀಸಿದ್ದೇನೋ ಹಸನೈತಿ, ಜಿಗಿ ಇಲ್ಲಂತ ಹೇಳು ಅವಂಗ," ಎಂದಳು ನನಗೆ.

"ಅದು ಬರೇ ಪುಡಿ ಆಗೈತಿ ಯವ್ವಾ, ಇನ್ನೂ ಕೊಳತಿಲ್ಲ," ಎಂದು ಅಣ್ಣ ತಡೆಯಲಾರದೆ ನೇರವಾಗಿ ಅವಳಿಗೇ ಹೇಳಿದ. "ನಮ್ಮ ಕಡೆ ಕಲ್ಲು ಬಿಸಲಾಗ ಕಾದು, ಮಳ್ಯಾಗ ನೆನದು, ಎಷ್ಟೋ ಕಾಲಕ್ಕ ಕೊಳತು ಎರಿ ಆಗೈತಿ. ಅದಕ್ಕ ಅದರಾಗ ಜಿಗಿ."

ಅವ್ವ ಎರೆಮಣ್ಣಿನ ಮುದ್ದೆಯಲ್ಲಿ ಒಂದಿಷ್ಟು ಮುರಿದು ಬೂದಿ ಮಣ್ಣಿಗೆ ಸೇರಿಸಿ, ರೊಟ್ಟಿ ಹಿಟ್ಟು ಮಿದ್ದಿದ ಹಾಗೆ ಮಿದ್ದಿದಳು. ಕೋಡು ನಿಂತವು. ಸಂಜೆ ಪೂಜೆಗೆ ಕೂತಾಗಲೂ ಎತ್ತಿನ ಬೆನ್ನ ಮೇಲೆ ಒಂದೂ ಬಿರುಕಿರಲಿಲ್ಲ. ನನಗಂತೂ ಕುಣಿಯಬೇಕೆನಿಸಿತು.

ಬೆಳಿಗ್ಗೆ ಅಣ್ಣ ಸಿಂಧನೂರಿನ ಬಸ್ಸಿಗೆ ಟ್ರಂಕು ಎತ್ತಿಕೊಂಡ. ಅವ್ವ ಆ ಎತ್ತುಗಳನ್ನು ಮಳೆಗೆ ಕರಗಲೆಂದು ಮಾಳಿಗೆಯ ಮೇಲಿಟ್ಟು ಇಳಿದು ಬಂದಳು. ಖಾಲಿ ಡಬ್ಬಿಯನ್ನು ತೊಳೆದು, ಸೆರಗಿನಿಂದ ಒರೆಸಿ, ನನ್ನನ್ನು ದಾಟಿ ಹೋಗಿ ಅವನ ಕೈಗೇ ಕೊಟ್ಟಳು.

"ಲೇ, ಮುಂದಿನ ಮಣ್ಣೆತ್ತಿನ ಅಮಾಸಿಗೆ ಇದನ್ನ ತುಂಬಿಸ್ಕೊಂಡು ಬಾ," ಎಂದಳು. "ಕಲಸಾಕ ಎರಿ ನಾ ತಂದಿಟ್ಟಿರ್ತೀನಿ."